ಮರುದನಿ ಮತ್ತು ಜರಡಿ

ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ್ ಚೆನ್ನಿಗಪ್ಪ ಹೊರಗಿನವನು. ಹದಿನೆಂಟು ವರ್ಷದಿಂದ ಇದೇ ದಾರಿಯಲ್ಲಿ ಓಡಾಡಿ, ಎಲ್ಲವನ್ನೂ ಎರಡೆರಡು ಸಲ ಹೇಳುವುದು ಅವನಿಗೆ ಚಾಳಿಯಾಗಿಬಿಟ್ಟಿದೆ. "ಟಿಕೆಟ್ ತಗೊಳ್ಳಿ, ಟಿಕೆಟ್ ತಗೊಳ್ಳಿ. ಇಳೀರವ್ವಾ ಇಳೀರವ್ವಾ." ಮನೆಯಲ್ಲೂ ಹೆಂಡತಿಯನ್ನು ಎರಡು ಸಲ ಕಾಫಿ ಕೇಳಿ, ಅವಳು ಕೊಟ್ಟ ಎರಡು ಲೋಟವನ್ನೂ ಕುಡಿಯುತ್ತಾನಂತೆ. ಅವನೆಂದರೆ ನಮಗೆಲ್ಲ ಬಲು ಪ್ರೀತಿ. ಯಾಕೆಂದರೆ ಹೊರಗಿನವರು ಆಡಿದ ಮಾತು ಮೊದಲ ಸಲಕ್ಕೆ ನಮ್ಮೂರಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ತುಟಿ ಅಲ್ಲಾಡುತ್ತದೆ, ಕೈ ಆಡುತ್ತದೆ, ದನಿ ಮಾತ್ರ ಇರುವುದಿಲ್ಲ. ಅದೇ ಬಾಯಿ ಅದೇ ಮಾತನ್ನು ಇನ್ನೊಮ್ಮೆ ಆಡಿದರೆ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. "ಮೊದಲ ಮಾತು ಊರಿಗೆ, ಎರಡನೇ ಮಾತು ಕಿವಿಗೆ" ಎಂದು ನಮ್ಮ ಹಿರಿಯರು ಅದಕ್ಕೊಂದು ಗಾದೆ ಕಟ್ಟಿ ಕೈತೊಳೆದುಕೊಂಡರು.

ನಮ್ಮ ನಮ್ಮ ಮಾತು ನಮಗೆ ಒಂದೇ ಸಲಕ್ಕೆ ಕೇಳುತ್ತದೆ. ಹಾಗಾಗಿ ಇಲ್ಲಿ ಯಾರಿಗಾದರೂ "ಏನಂದೆ? ಇನ್ನೊಂದ್ಸಲ ಹೇಳು" ಎಂದರೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ. "ಯಾಕೆ, ನಾನೇನ್ ಹೊರಗಿನವಳಾ?" ಎಂದು ಜಗಳಕ್ಕೇ ಬರುತ್ತಾರೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯ ಮಾತು ಒಂದೆರಡು ವರ್ಷ ಇಲ್ಲಿಯ ನೀರು ಕುಡಿದ ಮೇಲೆ ಯಾವುದೋ ಒಂದು ದಿನ ಒಂದೇ ಸಲಕ್ಕೆ ಕೇಳಿಬಿಡುತ್ತದೆ. ಆ ದಿನ ಅತ್ತೆ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚುತ್ತಾಳೆ. ರೇಡಿಯೊ ಹಚ್ಚಿದರೆ ಹಾಡಿನ ಪಲ್ಲವಿಯಷ್ಟೇ ಕೇಳುತ್ತದೆ, ಅದೂ ಎರಡನೇ ಸಲ ಬಂದಾಗ. ಚರಣ ಒಂದೇ ಸಲ ಬರುವುದರಿಂದ ಅದರಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ. ನಮ್ಮೂರಿನ ಹುಡುಗಿಯರಿಗೆ ನೂರಾರು ಹಾಡು ಬರುತ್ತವೆ, ಒಂದೂ ಪೂರ್ತಿ ಬರುವುದಿಲ್ಲ.

ಇಂಥ ಊರಿಗೆ ಫೋನು ಬಂದಾಗ ಎಷ್ಟು ಪೇಚಾಟವಾಗಿರಬೇಕು ಎಂದು ನೀವೇ ಯೋಚಿಸಿ. ನೆಂಟರಾದರೆ ಸರಿ, ಪಾಪ, ಎರಡೆರಡು ಸಲ ಹೇಳುತ್ತಿದ್ದರು. ಆಸ್ಪತ್ರೆಯವರು, ಕಚೇರಿಯವರು, ಗೊಬ್ಬರದ ಅಂಗಡಿಯವರು ಯಾಕೆ ಹೇಳುತ್ತಾರೆ? ನಾವು ಇತ್ತ "ಹಲೋ ಹಲೋ" ಎಂದು ಕೂಗುತ್ತಿದ್ದರೆ ಅವರು ಅತ್ತ ಬೈದು ಇಡುತ್ತಿದ್ದರು. ಆ ಬೈಗುಳವೂ ನಮಗೆ ಕೇಳಿಸುತ್ತಿರಲಿಲ್ಲ ಎನ್ನುವುದೊಂದೇ ಸಮಾಧಾನ.

ಇದಕ್ಕೆ ಪರಿಹಾರ ಹುಡುಕಿದವಳು ನಾನು. ನನ್ನ ಹೆಸರು ದೇವೀರಿ. ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನನ್ನು ನಾನೇ ಹೊಗಳಿಕೊಳ್ಳಬಾರದು ಎನ್ನುತ್ತಾರೆ. ಆದರೆ ಬೇರೆ ಯಾರೂ ಹೊಗಳದಿದ್ದಾಗ ಏನು ಮಾಡುವುದು ಎಂದು ಹೇಳಿದವರಿಲ್ಲ.

ಮೊದಲು ಅಂಗಡಿಯ ಕಂಪ್ಯೂಟರಿನಲ್ಲೇ ಕರೆಗಳನ್ನು ರೆಕಾರ್ಡ್ ಮಾಡಿ ಮತ್ತೆ ಹಾಕಿ ನೋಡಿದೆ. ಬರೀ ಸುಯ್ ಎನ್ನುವ ಗಾಳಿ. ಊರೊಳಗಿನ ಮಿಷನ್ನಿಗೂ ಊರಿನದೇ ಕಿವಿ ಎಂದು ಆಗ ತಿಳಿಯಿತು. ಹಾಗಾದರೆ ರೆಕಾರ್ಡ್ ಮಾಡುವ ಮಿಷನ್ನು ಊರಿನ ಆಚೆ ಇರಬೇಕು. ಎಲ್ಲೋ ದೂರದ ತಣ್ಣನೆಯ ಕೋಣೆಯೊಂದರಲ್ಲಿ, ಸಾವಿರ ಮಿಷನ್ನುಗಳ ನಡುವೆ, ನನ್ನ ಹೆಸರಿಗೊಂದು ಸರ್ವರ್ ಬಾಡಿಗೆಗೆ ಹಿಡಿದೆ. ಅದನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಇಲ್ಲಿ ಕೂತು ಕೀಲಿಮಣೆಯಲ್ಲಿ ಬರೆದು ಕಳಿಸಿದರೆ ಅಲ್ಲಿ ಅದು ಹೇಳಿದ್ದನ್ನು ಮಾಡುತ್ತದೆ. ಬರೆದ ಮಾತಿಗೆ ನಮ್ಮೂರಿನ ತೊಂದರೆ ತಟ್ಟುವುದಿಲ್ಲ, ಅದು ನನ್ನ ಪುಣ್ಯ. ಪುಸ್ತಕ ನೋಡಿ, ತಪ್ಪು ಮಾಡಿ, ಅಳಿಸಿ, ಮತ್ತೆ ಬರೆದು, ಏಳು ತಿಂಗಳಲ್ಲಿ ಒಂದು ಸ್ಕ್ರಿಪ್ಟ್ ಸಿದ್ಧ ಮಾಡಿದೆ. ಸ್ಕ್ರಿಪ್ಟ್ ಎಂದರೆ ಮಿಷನ್ನಿಗೆ ಬರೆದಿಟ್ಟ ಅಪ್ಪಣೆಗಳ ಪಟ್ಟಿ ಅಷ್ಟೇ. ಹೊರಗಿನಿಂದ ಬರುವ, ಹೊರಗೆ ಹೋಗುವ ಕರೆಗಳೆಲ್ಲ ಇಂಟರ್ನೆಟ್ಟಿನ ಮೇಲೆ ಮೊದಲು ಆ ಸರ್ವರಿಗೆ ಹೋಗುತ್ತವೆ. ಅದು ಪ್ರತಿ ಮಾತನ್ನೂ ರೆಕಾರ್ಡ್ ಮಾಡಿಕೊಂಡು, ನಮಗೆ ಎರಡು ಸಲ ಕಳಿಸುತ್ತದೆ. ಒಂದು ಊರಿನ ಪಾಲು, ಇನ್ನೊಂದು ನಮ್ಮ ಪಾಲು. ಅದಕ್ಕೆ ಮರುದನಿ ಎಂದು ಹೆಸರಿಟ್ಟೆ. ಮೊದಲ ದಿನ ಗೊಬ್ಬರದ ಅಂಗಡಿಯವನು ಮಾತಾಡಿದ್ದು ಸ್ಪಷ್ಟವಾಗಿ ಕೇಳಿದಾಗ ನಮ್ಮ ಪಂಚಾಯಿತಿ ಸದಸ್ಯರೊಬ್ಬರು ಫೋನಿಗೇ ಕೈಮುಗಿದರು.

ಊರೆಲ್ಲ ಮೆಚ್ಚಿತು, ನನ್ನ ಅವ್ವನೊಬ್ಬಳನ್ನು ಬಿಟ್ಟು. ಅವ್ವ ಹೊಂಬಾಳವ್ವ ನಮ್ಮೂರಿನ ಸೂಲಗಿತ್ತಿ. ಊರಿನ ಮುಕ್ಕಾಲು ಪಾಲು ಜನ ಭೂಮಿಗೆ ಬಂದಾಗ ಮೊದಲು ಮುಟ್ಟಿದ್ದು ಅವಳ ಕೈಯನ್ನು. ಅಂಥವಳಿಗೆ ನನ್ನ ಕೆಲಸ ಹೇಗೆ ಕಣ್ಣಿಗೆ ಬೀಳಬೇಕು? "ಕೂತಲ್ಲೇ ಕೂತು ಕಟಕಟ ಅನ್ನಿಸೋದೂ ಒಂದು ಕೆಲಸವೇನೇ? ಕೈಗೆ ನೆತ್ತರು ಅಂಟಬೇಕು, ಇಲ್ಲ ಮಣ್ಣಾದ್ರೂ ಅಂಟಬೇಕು" ಎನ್ನುತ್ತಿದ್ದಳು. ಇಡೀ ಊರಿನ ಹೊಗಳಿಕೆ ತಕ್ಕಡಿಯ ಒಂದು ತಟ್ಟೆಗೆ, ಅವ್ವನ ಒಂದು "ಭೇಷ್" ಇನ್ನೊಂದು ತಟ್ಟೆಗೆ ಎಂದರೆ ನಾನು ಯಾವುದನ್ನು ಆರಿಸಿಕೊಳ್ಳುತ್ತಿದ್ದೆ ಎಂದು ಬೇರೆ ಹೇಳಬೇಕಿಲ್ಲ.

ಮರುದನಿ ಬಂದ ಮೇಲೆ ಹೊಸದೊಂದು ತಕರಾರು ಹುಟ್ಟಿತು. ನಮ್ಮ ನೆಂಟರು ಹಳೆಯ ಚಾಳಿ ಬಿಡಲಿಲ್ಲ. ಅವರು ಎರಡು ಸಲ ಹೇಳುವುದು, ನನ್ನ ಸ್ಕ್ರಿಪ್ಟು ಅದನ್ನು ಮತ್ತೆ ಎರಡೆರಡು ಮಾಡಿ ಕಳಿಸುವುದು. ಒಂದೇ ಸಂಗತಿ ಕಿವಿಗೆ ಮೂರು ಸಲ ಬೀಳತೊಡಗಿತು. "ನಮ್ಮಣ್ಣ ಹಸು ಕರು ಹಾಕ್ತು ಅಂದ. ನಾನು ಮೂರು ಕರು ಅನ್ಕೊಂಡು ಊರೆಲ್ಲ ಹೇಳ್ಕೊಂಡ್ ಬಂದೆ ಕಣವ್ವ" ಎಂದು ಮುದುಕಿಯೊಬ್ಬಳು ಅಂಗಡಿಗೇ ಬಂದು ಜಗಳ ತೆಗೆದಳು. ಆಗ ನಾನು ಎರಡನೇ ಸ್ಕ್ರಿಪ್ಟ್ ಬರೆದೆ. ಹೊರಗಿನವರ ಬಾಯಿಂದ ಅದೇ ಮಾತು ಮತ್ತೆ ಬಂದರೆ ಅದನ್ನು ಸೋಸಿ ತೆಗೆದುಹಾಕು, ಒಂದನ್ನೇ ಮರುದನಿಗೆ ಕೊಡು ಎಂಬುದು ಅದರ ಕೆಲಸ. ಅದಕ್ಕೆ ಜರಡಿ ಎಂದು ಹೆಸರು. ಎಷ್ಟು ಚೊಕ್ಕವಾಗಿ ಬರೆದಿದ್ದೆನೆಂದರೆ, ಒಂದು ವರ್ಷ ಅದನ್ನು ಮುಟ್ಟಿ ನೋಡುವ ಅಗತ್ಯವೇ ಬರಲಿಲ್ಲ. ನಾನು ಅದರ ಮೇಲೆ ಬೀಗುತ್ತಿದ್ದೆ ಎಂದರೆ ಸುಳ್ಳಲ್ಲ.

ಆಗ ಬಂತು ಟೈಲರ್ ಮರಿಸ್ವಾಮಿಯ ಹೆಂಡತಿ ಚಂದ್ರಿಕೆಯ ಹೆರಿಗೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ಗಂಡ ಹೆಂಡಿರಿಬ್ಬರೂ ಕಾಣದ ದೇವರಿಲ್ಲ, ಕಟ್ಟದ ಹರಕೆಯಿಲ್ಲ. ಹುಷಾರಾಗಿ ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬೇಕು ಎಂದು ದಿನವನ್ನೂ ಗೊತ್ತು ಮಾಡಿದ್ದರು. ಆದರೆ ಹುಟ್ಟುವವರು ನಮ್ಮ ಕ್ಯಾಲೆಂಡರ್ ನೋಡಿ ಹುಟ್ಟುತ್ತಾರೆಯೇ? ಮೂರು ವಾರ ಮುಂಚೆಯೇ, ಒಂದು ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ನೋವು ಶುರುವಾಯಿತು. ಆಂಬುಲೆನ್ಸಿಗೆ ಹೇಳಿದೆವು. ಅದು ಬರಲು ಒಂದು ಗಂಟೆಯ ದಾರಿ. ಅವ್ವ ಸೆರಗು ಸಿಕ್ಕಿಸಿಕೊಂಡು ಓಡಿದಳು.

ಅರ್ಧ ಗಂಟೆ ಕಳೆದಿರಬಹುದು, ಮರಿಸ್ವಾಮಿ ಬರಿಗಾಲಲ್ಲಿ ನನ್ನ ಅಂಗಡಿಗೆ ಓಡಿಬಂದ. "ದೇವೀರಕ್ಕಾ, ನಿಮ್ಮವ್ವ ಕರೀತಾವ್ರೆ. ಮಿಷನ್ ತಗೊಂಡ್ ಬರ್ಬೇಕಂತೆ."

ಅವ್ವ ನನ್ನ ಮಿಷನ್ನನ್ನು ಕೇಳಿ ಕಳಿಸಿದ್ದಾಳೆ ಎಂದ ಮೇಲೆ ಏನೋ ಕೆಟ್ಟದ್ದೇ ಆಗಿದೆ ಎಂದು ನನಗೆ ಗೊತ್ತಾಯಿತು. ಲ್ಯಾಪ್‌ಟಾಪ್ ಎದೆಗವುಚಿಕೊಂಡು ಓಡಿದೆ. ಹೋಗಿ ನೋಡಿದರೆ ಮಗು ಆಗಲೇ ಹುಟ್ಟಿತ್ತು, ಹೆಣ್ಣು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಹಾಕಿಕೊಂಡಿತ್ತಂತೆ. ಅವ್ವ ಬಿಡಿಸಿದ್ದಳು. ಆದರೆ ಮಗು ನೀಲಿಯಾಗಿ, ಒದ್ದೆ ಬಟ್ಟೆಯ ಹಾಗೆ ಅವಳ ಕೈಯಲ್ಲಿ ಬಿದ್ದಿತ್ತು. ಅವ್ವ ಬೆನ್ನು ಉಜ್ಜುತ್ತಿದ್ದಳು, ಅಂಗಾಲು ತಟ್ಟುತ್ತಿದ್ದಳು. ಅವಳ ಹಣೆಯ ಮೇಲೆ ಬೆವರು ಕಂಡದ್ದು ನನಗೆ ಅದೇ ಮೊದಲು.

"ನಂಗೆ ಗೊತ್ತಿರೋದೆಲ್ಲ ಮಾಡ್ದೆ. ಡಾಕ್ಟ್ರಮ್ಮನ್ನ ಹಿಡಿ ಬೇಗ" ಎಂದಳು.

ದೊಡ್ಡಾಸ್ಪತ್ರೆಯ ಡಾಕ್ಟರ್ ಜುಲೇಖಾ ಆ ಊರಿಗೆ ಹೊಸಬರು. ನಮ್ಮೂರಿನ ಪದ್ಧತಿ ಅವರಿಗೆ ಗೊತ್ತಿಲ್ಲ. ಕರೆ ಸರ್ವರಿನ ಮೂಲಕ ಹೋಯಿತು. "ಈ ಕರೆ ದಾಖಲಾಗುತ್ತಿದೆ" ಎಂದು ನನ್ನದೇ ದನಿ ಹೇಳಿತು. ಆಮೇಲೆ ಡಾಕ್ಟರ ಮಾತು ಒಂದೊಂದಾಗಿ, ಒಂದಿಷ್ಟು ತಡವಾಗಿ, ಆದರೆ ಸ್ಪಷ್ಟವಾಗಿ ಬರತೊಡಗಿತು. ಬಾಯಿ ಒರೆಸಿ. ತಲೆ ನೆಟ್ಟಗೆ ಮಾಡಿ. ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಮೆಲ್ಲಗೆ ಊದಿ. ಅವ್ವ ಹೇಳಿದ ಹಾಗೆಲ್ಲ ಮಾಡಿದಳು. ಬಳ್ಳಿಯ ಬುಡ ಹಿಡಿದು ನಾಡಿ ನೋಡಿ ಎಂದರು. "ಬಲು ನಿಧಾನ ಐತೆ ತಾಯಿ, ಇದೆಯೋ ಇಲ್ವೋ ಅನ್ನಂಗೆ" ಎಂದಳು ಅವ್ವ.

"ಸರಿ ಅಮ್ಮ, ಎರಡು ಹೆಬ್ಬೆರಳು ಎದೆಯ ಮಧ್ಯೆ ಇಡಿ. ನಾನು ಎಣಿಸುತ್ತಾ ಹೋಗ್ತೀನಿ, ನನ್ನ ಎಣಿಕೆಗೆ ಸರಿಯಾಗಿ ಒತ್ತುತ್ತಾ, ಊದುತ್ತಾ ಬನ್ನಿ. ನಾನು ನಿಲ್ಲಿಸೋವರೆಗೂ ನಿಲ್ಲಿಸಬೇಡಿ" ಎಂದರು ಡಾಕ್ಟರು.

ಫೋನಿನಿಂದ ಒಂದು "ಒತ್ತು" ಬಂತು. ಅವ್ವ ಒತ್ತಿದಳು. ಒಂದು "ಊದು" ಬಂತು. ಊದಿದಳು. ಆಮೇಲೆ ಏನೂ ಬರಲಿಲ್ಲ.

ಅವ್ವ ಬೆರಳು ಹಾಗೇ ಇಟ್ಟುಕೊಂಡು ಕಾದಳು. "ಆಮೇಲೆ ತಾಯಿ? ಆಮೇಲೆ?" ಫೋನು ಸುಮ್ಮನಿತ್ತು. ಚಂದ್ರಿಕೆ ಮಲಗಿದಲ್ಲಿಂದಲೇ ಕೈ ಚಾಚಿ "ಏನಾಯ್ತು, ಯಾಕೆ ಯಾರೂ ಮಾತಾಡ್ತಿಲ್ಲ?" ಎಂದು ಕೂಗಿದಳು. "ಲೈನು ಹೋಯ್ತೇನೇ?" ಎಂದು ಅವ್ವ ನನ್ನನ್ನು ನೋಡಿದಳು.

ಲೈನು ಹೋಗಿರಲಿಲ್ಲ. ನನ್ನ ಪರದೆಯ ಮೇಲೆ ರೆಕಾರ್ಡಿಂಗಿನ ಗೆರೆ ಒಂದೇ ಸಮನೆ ಕುಣಿಯುತ್ತಿತ್ತು. ಡಾಕ್ಟರು ಮಾತಾಡುತ್ತಲೇ ಇದ್ದಾರೆ, ಅವರ ದನಿ ಸರ್ವರನ್ನು ಮುಟ್ಟುತ್ತಲೇ ಇದೆ. ಹಾಗಾದರೆ ನಡುವೆ ಅದನ್ನು ನುಂಗುತ್ತಿರುವವರು ಯಾರು? ಒತ್ತು, ಒತ್ತು, ಒತ್ತು, ಊದು. ಒತ್ತು, ಒತ್ತು, ಒತ್ತು, ಊದು. ಎಣಿಕೆ ಎಂದರೆ ಅದೇ ಮಾತು ಮತ್ತೆ ಮತ್ತೆ ಬರುವುದು. ನಾನು ಬೀಗುತ್ತಿದ್ದ ಆ ಜರಡಿ, ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಸವೆಂದು ಸೋಸಿ ಎಸೆಯುತ್ತಿತ್ತು. ಆ ಕೂಸಿನ ಉಸಿರನ್ನು ತಡೆದು ಕೂತಿದ್ದವಳು ನಾನೇ.

ಜರಡಿಯನ್ನು ನಿಲ್ಲಿಸಲು ಹೋದೆ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಜರಡಿಯೊಂದನ್ನೇ ನಿಲ್ಲಿಸಿದರೆ ಮರುದನಿ ಪ್ರತಿ ಎಣಿಕೆಯನ್ನೂ ಹಿಡಿದಿಟ್ಟು ಎರಡೆರಡು ಸಲ ಕಳಿಸುತ್ತದೆ. ತಾಳ ತಪ್ಪುತ್ತದೆ. ಹಾಗಾದರೆ? ರೇಡಿಯೊದ ಪಲ್ಲವಿ ನೆನಪಾಯಿತು. ಪಲ್ಲವಿ ಕೇಳುವುದಕ್ಕೆ ನಮ್ಮೂರಿನಲ್ಲಿ ಯಾವ ಮಿಷನ್ನೂ ಬೇಕಾಗಿರಲಿಲ್ಲ. ಡಾಕ್ಟರು ಹೇಳುತ್ತಿದ್ದುದು ಪಲ್ಲವಿಯೇ ಅಲ್ಲವೇ? ನನ್ನ ಏಳು ತಿಂಗಳ ಮರುದನಿಯೂ ಬೇಡ, ನನ್ನ ಚೊಕ್ಕ ಜರಡಿಯೂ ಬೇಡ. ಎರಡನ್ನೂ ಕಿತ್ತುಹಾಕಿ ದನಿಯನ್ನು ನೇರ ಬಿಟ್ಟರೆ ಸಾಕು. ರೆಕಾರ್ಡಿಂಗ್ ಬೇಕಾದರೆ ತನ್ನ ಪಾಡಿಗೆ ತಾನು ನಡೆಯಲಿ.

ಗುಪ್ತಪದ ಒಂದು ಸಲ ತಪ್ಪು ಹೊಡೆದೆ. ಎರಡನೇ ಸಲ ಸರಿಹೋಯಿತು. ಎರಡೂ ಸ್ಕ್ರಿಪ್ಟುಗಳನ್ನು ನಿಲ್ಲಿಸು, ಕರೆ ನೇರ ಬಿಡು ಎಂದು ಬರೆದು ಕಳಿಸಿದೆ. ಆ ದೂರದ ತಣ್ಣನೆಯ ಕೋಣೆ ಒಂದು ಕ್ಷಣ ಯೋಚಿಸಿತು. ಆ ಒಂದು ಕ್ಷಣದಲ್ಲಿ ನಾನು ನನ್ನ ಇಡೀ ಬುದ್ಧಿವಂತಿಕೆಯನ್ನು ಶಪಿಸಿಕೊಂಡೆ. ಆಮೇಲೆ ಫೋನಿನಿಂದ ಡಾಕ್ಟರ ದನಿ ಕಟ್ಟೆಯೊಡೆದ ನೀರಿನ ಹಾಗೆ ನುಗ್ಗಿತು.

"ಒತ್ತು, ಒತ್ತು, ಒತ್ತು, ಊದು. ಒತ್ತು, ಒತ್ತು, ಒತ್ತು, ಊದು."

ಅವ್ವನ ಹೆಬ್ಬೆರಳುಗಳು ಆ ದನಿಯ ಮೇಲೆ ಏರಿ ಕೂತವು. ನಾನು ಎಷ್ಟೋ ಸಲ ಅವಳ ಕೈಯನ್ನು ನೋಡಿದ್ದೇನೆ. ರಾಗಿ ಮುದ್ದೆ ತಿರುವುವಾಗ ನೋಡಿದ್ದೇನೆ, ನನ್ನ ಬೆನ್ನಿಗೆ ಗುದ್ದುವಾಗ ನೋಡಿದ್ದೇನೆ. ಆವತ್ತು ಕಂಡ ಕೈ ಬೇರೆಯೇ. ಅಷ್ಟು ದೊಡ್ಡ ಕೈ ಅಷ್ಟು ಸಣ್ಣ ಎದೆಯ ಮೇಲೆ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿಯಿಲ್ಲ. ನನಗೆ ಭಯದ ನಡುವೆಯೂ ಹೆಮ್ಮೆಯಾಯಿತು, ಇವಳು ನನ್ನ ಅವ್ವ ಎಂದು.

ಎಷ್ಟು ಸುತ್ತು ಆಯಿತೋ ನಾನು ಎಣಿಸಲಿಲ್ಲ. ಮೊದಲು ಮಗುವಿನ ತುಟಿಯ ಬಣ್ಣ ತಿರುಗಿತು. ಆಮೇಲೆ ಕಾಲಿನ ಬೆರಳೊಂದು ಅಲ್ಲಾಡಿತು. ಆಮೇಲೆ ಅದು ಬಿಕ್ಕಿದ ಹಾಗೆ ಮಾಡಿ, ಮುಖ ಕಿವುಚಿ, ಇಷ್ಟು ಹೊತ್ತು ನಮ್ಮನ್ನು ಸತಾಯಿಸಿದ್ದಕ್ಕೆ ತಾನೇ ಸಿಟ್ಟಾದಂತೆ ಅತ್ತಿತು. ಒಂದೇ ಸಲಕ್ಕೆ ನಮಗೆಲ್ಲ ಕೇಳಿಸಿತು. ನಮ್ಮೂರಿನ ಮಗುವಲ್ಲವೇ!

ಡಾಕ್ಟರು ಎಣಿಕೆ ನಿಲ್ಲಿಸಿದರು. ಆಮೇಲೆ ಅವರು ಏನೇನೋ ಹೇಳುತ್ತಿದ್ದಿರಬೇಕು. ಮರುದನಿ ನಿಂತಿದ್ದರಿಂದ ನಮಗೆ ಒಂದಕ್ಷರವೂ ಕೇಳಲಿಲ್ಲ. ಅದನ್ನು ಮತ್ತೆ ಹಚ್ಚುವ ಎಚ್ಚರ ನನಗೆಲ್ಲಿ? ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ ಮರಿಸ್ವಾಮಿಗೆ ಸುದ್ದಿ ಹೇಳಲು ಓಡಿದೆ. ಅವನು ನನ್ನ ಕಾಲಿಗೆ ಬೀಳಲು ಬಂದ, ನಾನು ಹಿಂದೆ ಸರಿದೆ. ತಪ್ಪು ನನ್ನದು ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಆಂಬುಲೆನ್ಸ್ ಬೀದಿಯ ತುದಿಗೆ ಬಂದು ನಿಂತಿತ್ತು. ದಾರಿ ತೋರಿಸಲು ಅತ್ತ ಓಡಿದೆ. ತಾಯಿ ಮಗು ಇಬ್ಬರನ್ನೂ ಹತ್ತಿಸಿಕೊಂಡು ಅದು ಹೊರಟುಹೋಯಿತು. ಅವ್ವ ಕೈ ತೊಳೆದುಕೊಂಡು, ಸೆರಗು ಬಿಚ್ಚಿ ಒರೆಸಿಕೊಂಡು, "ಮನೇಲಿ ಸಾರು ಹಾಗೇ ಇಟ್ಟ್ ಬಂದಿದೀನಿ" ಎಂದು ಹೊರಟಳು. ಜರಡಿಯ ವಿಷಯವನ್ನು ದಾರಿಯಲ್ಲಿ ನಾನೇ ಹೇಳಿದೆ, ಒಂದನ್ನೂ ಮುಚ್ಚಿಡದೆ. ಅವಳು "ಹೂಂ" ಎಂದಳು ಅಷ್ಟೇ. ಆ "ಹೂಂ" ಮೂರು ದಿನ ನನ್ನನ್ನು ಕೊರೆಯಿತು.

ಶುಕ್ರವಾರ ತಾಯಿ ಮಗು ಚೆನ್ನಾಗಿದ್ದಾರೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ಅವತ್ತು ಸಂಜೆ ಅಂಗಡಿಯಲ್ಲಿ ಕೂತು ಜರಡಿಯನ್ನು ತಿದ್ದತೊಡಗಿದೆ. ಎರಡು ಸಲ ಬಂದರೆ ತೆಗೆ, ಮೂರನೇ ಸಲವೂ ಬಂತೆಂದರೆ ಮರುದನಿಯನ್ನೂ ಬದಿಗಿಟ್ಟು ದನಿಯನ್ನು ನೇರ ಬಿಡು ಎಂದು ಹೊಸ ಸಾಲು ಸೇರಿಸಿದೆ. ಸರಿಯಾಗಿದೆಯೇ ಎಂದು ಪರೀಕ್ಷಿಸಲು ಮಂಗಳವಾರದ ರೆಕಾರ್ಡಿಂಗನ್ನೇ ಸರ್ವರಿನಿಂದ ತೆಗೆದು ಹಾಕಿದೆ. ಎಣಿಕೆ ಮುಗಿಯಿತು, ಮಗು ಅತ್ತಿತು. ನಾನು ಹೊರಗೆ ಓಡಿದ ಮೇಲೂ ಕರೆ ನಡೆದೇ ಇತ್ತು! ಯಾರೂ ಅದನ್ನು ಕಡಿದಿರಲಿಲ್ಲ. ಉದ್ದದ ಒಂದು ಮೌನದ ನಂತರ ಅವ್ವನ ದನಿ ಬಂತು.

"ನೀವೇನ್ ಹೇಳ್ತಿದೀರೋ ನಂಗೆ ಕೇಳ್ಸಾಕಿಲ್ಲ ತಾಯಿ, ನಮ್ಮೂರೇ ಹಂಗೆ. ನಾನ್ ಹೇಳೋದು ನಿಮಗೆ ಕೇಳಿದ್ರೆ ಕೇಳಿ." ಮತ್ತೆ ಒಂದಿಷ್ಟು ಮೌನ. "ನಿಮ್ ದನಿ ನಂಗೆ ಮುಟ್ಟಂಗೆ ಮಾಡಿದ್ದು ನನ್ ಮಗಳು. ಅದೆಂಥದೋ ಮಿಷನ್ನು ಕಟ್ಟವ್ಳೆ. ನಾನು ಹುಡುಗಾಟಿಕೆ ಅಂತಿದ್ದೆ. ಇವತ್ತು ಅದೇ ಅಡ್ಡ ಬಂತು ಅಂತ ಕಾಣುತ್ತೆ, ಅವಳ ಮುಖ ನೋಡ್ದೆ. ತಾನ್ ಕಟ್ಟಿದ್ದ ತಾನೇ ಕಿತ್ತಾಕ್ಬಿಟ್ಲು, ಒಂದ್ ಚಣ ಹಿಂದೆ ಮುಂದೆ ನೋಡ್ಲಿಲ್ಲ. ಹೆರಿಗೆ ಮಾಡ್ಸೋರಿಗೆ ಅದೇ ತಾಯಿ ಕಷ್ಟ. ಯಾವಾಗ ಹಿಡೀಬೇಕು ಅಂತ ಯಾರಾದ್ರೂ ಕಲೀತಾರೆ. ಯಾವಾಗ ಕೈ ಬಿಡ್ಬೇಕು ಅನ್ನೋದು ಬರಾಕಿಲ್ಲ. ನನ್ ಮಗಳಿಗೆ ಬಂದೈತೆ." ಮತ್ತೆ ಮೌನ. ಆಮೇಲೆ ನೀರಿನ ಸದ್ದು, ಆಂಬುಲೆನ್ಸಿನ ಸದ್ದು.

ನಾನು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಯಾರ್ ದನಿನೇ ಅದು, ನನ್ ದನಿ ಇದ್ದಂಗೈತೆ?" ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಸೊಪ್ಪಿನ ಚೀಲ.

"ನಿನ್ನದೇ ಅವ್ವ. ಅವತ್ತು ಡಾಕ್ಟ್ರ ಹತ್ರ ಹೇಳಿದ್ದು."

ಅವ್ವನ ಮುಖ ಕೆಂಪಾಯಿತು. "ಅದೆಲ್ಲ ಹಿಡಿದಿಟ್ಕೊಂಡೈತಾ ನಿನ್ ಮಿಷನ್ನು? ಅಳಿಸಾಕು."

"ಅಳಿಸಲ್ಲ. ನನಗೆ ಹೇಳ್ಬೇಕಾದ ಮಾತನ್ನ ಊರಾಚೆಯವರಿಗೆ ಹೇಳಿದ್ದೀಯಲ್ಲ."

ಅವಳು ಚೀಲವನ್ನು ನೆಲದ ಮೇಲಿಟ್ಟು ಸ್ಟೂಲಿನ ಮೇಲೆ ಕೂತಳು. "ಮಧ್ಯ ಮಧ್ಯ ಯಾಕೆ ಖಾಲಿ ಐತೆ?"

"ಅಲ್ಲೆಲ್ಲ ಡಾಕ್ಟ್ರು ಮಾತಾಡಿದ್ದಾರೆ. ಈಗ ಮೊದಲ ಸಲ ಹಾಕಿದ್ದೆ, ಅದು ಊರಿನ ಪಾಲಾಯ್ತು. ತಡಿ" ಎಂದು ಎರಡನೇ ಸಲ ಹಾಕಿದೆ.

ಮಗುವಿನ ಅಳುವಿನ ಹಿಂದೆಯೇ, ಮೊದಲು ಬರೀ ಮೌನವಿದ್ದ ಜಾಗದಲ್ಲಿ ಡಾಕ್ಟರ್ ಜುಲೇಖಾರ ದನಿ ಎದ್ದು ನಿಂತಿತು. ಅವರೂ ಅಳುತ್ತಿದ್ದರು. "ಅಮ್ಮಾ, ಮಗುವಿನ ಅಳು ಕೇಳ್ತಾ ಇದೆ! ಎಂಥಾ ಕೈ ಅಮ್ಮ ನಿಮ್ಮದು. ನನ್ನ ಕೈಯಲ್ಲೇ ಇದ್ದಿದ್ರೂ ಈ ಮಗು ಉಳೀತಿತ್ತೋ ಇಲ್ಲವೋ." ಆಮೇಲೆ ಅವ್ವನ ಮಾತು. ಕೇಳಿಸುವುದಿಲ್ಲ ಎಂದು ಅವಳು ಹೇಳಿದ್ದು, ಡಾಕ್ಟರು ಅತ್ತ ಪರವಾಗಿಲ್ಲ ಹೇಳಿ ಎಂದದ್ದು. ಅವ್ವ ನನ್ನ ವಿಷಯ ಹೇಳಿ ಮುಗಿಸಿದ ಮೇಲೆ, ಕೊನೆಯ ಮೌನದ ಜಾಗದಲ್ಲಿ ಡಾಕ್ಟರು ನಿಧಾನವಾಗಿ ಹೇಳಿದರು: "ಹಾಗಾದರೆ ನಿಮ್ಮ ಕೈಯೇ ಅವಳಿಗೆ ಬಂದಿದೆ, ಬಿಡಿ."

ನೀರಿನ ಸದ್ದು ಬಂತು, ಆಂಬುಲೆನ್ಸಿನ ಸದ್ದು ಬಂತು, ರೆಕಾರ್ಡಿಂಗ್ ಮುಗಿಯಿತು. ಅವ್ವ ತನ್ನ ಎರಡು ಕೈಗಳನ್ನೂ ಮಡಿಲ ಮೇಲೆ ಹರಡಿಕೊಂಡು ನೋಡುತ್ತಿದ್ದಳು. ಆಮೇಲೆ ಕೀಲಿಮಣೆಯ ಮೇಲಿದ್ದ ನನ್ನ ಕೈಗಳನ್ನು ನೋಡಿದಳು.

"ಇನ್ನೊಂದ್ಸಲ ಹಾಕು" ಎಂದಳು.

"ಯಾಕವ್ವ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಹಾಕು."